ಒಮ್ಮೆಯೂ ಹಚ್ಚದ ಹಳೆ ಇಂಜಿನ್ನಿನ ಮೂಲ ಹುಡುಕುವುದು ಹೀಗೆ

ಶಿರಹಟ್ಟಿ ಕಡೆ ನಮ್ಮ ಕಾಕಾನ ಮನೆಯ ದನದ ಕೊಟ್ಟಿಗೆಯ ಮೂಲೆಯಲ್ಲಿ ಒಂದು ಆಯಿಲ್ ಇಂಜಿನ್, ಅಂದರೆ ನೀರೆತ್ತಲು, ಗಿರಣಿ ಓಡಿಸಲು ಬಳಸುವ ಡೀಸೆಲ್ ಯಂತ್ರ, ಕೂತಿತ್ತು. ಮೈಮೇಲೆ ತಾಡಪತ್ರಿ, ಅದರ ಮೇಲೆ ಹೊಟ್ಟಿನ ಚೀಲ, ಮುರಿದ ಕೂರಿಗೆ, ಹಳೆ ಹಗ್ಗ. ನಾನು ಸಣ್ಣವನಿದ್ದಾಗಿನಿಂದ ಅದರ ಬಗ್ಗೆ ಕೇಳಿದ್ದು ಒಂದೇ ಕಥೆ. ಅದು ವಿಲಾಯತಿ ಮಾಲು, ಬ್ರಿಟಿಷರ ಕಾಲದ್ದು, ಸಾಂಗ್ಲಿ ಸಂಸ್ಥಾನದವರಿಂದ ಬಂದದ್ದು, ಒಂದು ದಿನವೂ ಹಚ್ಚಿಲ್ಲ, ಅಂದರೆ ಚಾಲೂ ಮಾಡಿಲ್ಲ. ಕೊನೆಯ ಮಾತೊಂದು ನಿಜ. ಉಳಿದ ಮೂರೂ ಸುಳ್ಳು ಅಂತ ಗೊತ್ತಾಗಲು ನನಗೆ ಎಂಟು ತಿಂಗಳು ಬೇಕಾಯಿತು. ಗೊತ್ತಿರುವವರು ಹೇಳಿಕೊಟ್ಟಿದ್ದರೆ ಎಂಟು ದಿನದ ಕೆಲಸ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಗದಗ, ಹಾವೇರಿ, ಧಾರವಾಡ ಸೀಮೆಯಲ್ಲಿ ಇಂಥ ಇಂಜಿನ್‌ಗಳು ಇನ್ನೂ ಇವೆ. ವರದಾ, ತುಂಗಭದ್ರಾ ದಂಡೆಯ ಊರುಗಳಲ್ಲಿ, ಹಳೆ ಹಿಟ್ಟಿನ ಗಿರಣಿಗಳ ಹಿಂದೆ, ಜಿನ್ನಿಂಗ್ ಫ್ಯಾಕ್ಟರಿಗಳ ಗೋದಾಮುಗಳಲ್ಲಿ. ಹೆಚ್ಚಿನವು ದುಡಿದು ಸವೆದವು. ಪೆಟ್ಟಿಗೆಯಿಂದ ತೆಗೆದು ಹಾಗೇ ಇಟ್ಟವು ಅಪರೂಪ. ಮೂಲ ಹುಡುಕಲು ಅಂಥವೇ ಸುಲಭ. ಯಾಕಂದರೆ ಅವುಗಳ ಭಾಗಗಳನ್ನು ಯಾರೂ ಬದಲಿಸಿರುವುದಿಲ್ಲ.

ಮೊದಲು ಕೈ ಕಟ್ಟಿಕೊಂಡು ನಿಲ್ಲಿ

ಇಂಜಿನ್ ಕಂಡ ಕೂಡಲೇ ಹ್ಯಾಂಡಲ್ ಹಾಕಿ ತಿರುಗಿಸಬೇಡಿ. ನೀರು ಹಾಕಿ ತೊಳೆಯಬೇಡಿ. ಮೇಲಿನ ಸಾಮಾನು ತೆಗೆಯುವ ಮೊದಲೇ ನಾಲ್ಕೂ ಕಡೆಯಿಂದ ಫೋಟೋ ತೆಗೆಯಿರಿ. ಆಮೇಲೆ ಸುತ್ತಲಿನ ಒಂದು ಮಾರು ಜಾಗವನ್ನು ಕೈಯಿಂದ ತಡಕಿ ನೋಡಿ. ಟೂಲ್ ಚೀಲ, ಪಾನಾ (ಸ್ಪ್ಯಾನರ್), ಎಣ್ಣೆ ಬುರುಡೆ, ಮಡಚಿದ ಪುಸ್ತಕ, ಪೆಟ್ಟಿಗೆಯ ಹಲಗೆ, ಏನೇ ಸಿಕ್ಕರೂ ಅದು ಇಂಜಿನ್ನಿನ ಜೊತೆಗೆ ಬಂದದ್ದಿರಬಹುದು. ನಮಗೆ ಸಿಕ್ಕ ದೊಡ್ಡ ಸುಳಿವು ಇಂಜಿನ್ನಿನ ಮೇಲೆ ಇರಲೇ ಇಲ್ಲ. ಅದನ್ನು ಆಮೇಲೆ ಹೇಳುತ್ತೇನೆ.

ನಿಜವಾಗಿಯೂ ಹಚ್ಚಿಲ್ಲವೇ?

'ಹೊಸದೈತ್ರಿ, ಹಂಗ ಇಟ್ಟೇವಿ' ಅಂತ ಎಲ್ಲರೂ ಹೇಳುತ್ತಾರೆ. ಮಾರುವವರಂತೂ ಹೇಳಿಯೇ ಹೇಳುತ್ತಾರೆ. ಸೈಲೆನ್ಸರ್ ಬಿಚ್ಚಿ ಒಳಗೆ ಬೆರಳು ಹಾಕಿ. ಒಂದು ಗಂಟೆ ಓಡಿದ ಇಂಜಿನ್ ಕೂಡ ಕಪ್ಪು ಮಸಿ ಬಿಟ್ಟಿರುತ್ತದೆ. ಓಡದಿದ್ದರೆ ಅಲ್ಲಿ ಬರೀ ಜಂಗು ಇರುತ್ತದೆ, ಇಲ್ಲವೇ ಗಟ್ಟಿಯಾದ ಹಳದಿ ಗ್ರೀಸ್. ಹ್ಯಾಂಡಲ್ ಕೂರುವ ಶಾಫ್ಟಿನ ತುದಿಯನ್ನೂ ನೋಡಿ. ನಾಲ್ಕು ಸಲ ಹ್ಯಾಂಡಲ್ ಹೊಡೆದಿದ್ದರೂ ಅಲ್ಲಿ ಹೊಳೆಯುವ ಗೆರೆ ಇರುತ್ತದೆ. ಹೆಡ್ಡಿನ ನಟ್ಟುಗಳ ಮೇಲೆ ಕಾರ್ಖಾನೆಯ ಬಣ್ಣ ಒಡೆಯದೆ ಕೂತಿದ್ದರೆ ಅದನ್ನು ಯಾರೂ ಬಿಚ್ಚಿಲ್ಲ ಅಂತ ಅರ್ಥ. ಇಂಜಿನ್ ಕೂರಿಸುವ ಕಾಲಿನ ತೂತುಗಳಲ್ಲಿ ಬೋಲ್ಟು ಬಿಗಿದ ಗುರುತು ಇದೆಯೇ? ಇದ್ದರೆ ಎಲ್ಲೋ ಒಂದು ಕಡೆ ಸಿಮೆಂಟು ಕಟ್ಟೆಯ ಮೇಲೆ ನಿಂತು ಬಂದಿದೆ.

ಡೀಸೆಲ್ ಟಾಕಿಯ ಒಳಗೆ ಮೂಸಿ ನೋಡುವುದು ನನ್ನ ಸ್ವಂತ ವಿದ್ಯೆ. ಡೀಸೆಲ್ ಒಮ್ಮೆ ಕಂಡ ಟಾಕಿಯ ತಳದಲ್ಲಿ ಬೆಲ್ಲದ ಪಾಕದಂಥ ಅಂಟು ಇರುತ್ತದೆ. ವಾಸನೆ ಹತ್ತಾರು ವರ್ಷ ಹೋಗುವುದಿಲ್ಲ.

ತಿರುಗದೇ ಇದ್ದರೆ ಬಲ ಹಾಕಬೇಡಿ. ನೋಝಲ್ (ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಭಾಗ) ತೆಗೆದು ಆ ತೂತಿನಿಂದ ತೆಳು ಎಣ್ಣೆ ಬಿಟ್ಟು ವಾರಗಟ್ಟಲೆ ಕಾಯಿರಿ. ಈಗ ನಮ್ಮ ಕೆಲಸ ಹಚ್ಚುವುದಲ್ಲ, ಓದುವುದು.

ಪ್ಲೇಟು ಓದುವುದು

ಇಲ್ಲಿ ನಮ್ಮ ಮನೆಯ ಕಥೆ ಹೇಳಲೇಬೇಕು. ಕಾಕಾನ ಇಂಜಿನ್ನಿಗೆ ಹಿತ್ತಾಳೆಯ ಪ್ಲೇಟು ಇತ್ತು. ಹಿತ್ತಾಳೆ ಕಂಡರೆ ನಮ್ಮ ಕಾಕಿ ಬಿಡುವವರಲ್ಲ. ಪ್ರತಿ ದೀಪಾವಳಿಗೆ ಪೂಜೆಯ ಸಾಮಾನಿನ ಜೊತೆ ಅದಕ್ಕೂ ಹುಣಸೆಹಣ್ಣು ಹಚ್ಚಿ ತಿಕ್ಕಿದ್ದರು. ಪ್ಲೇಟು ಬಂಗಾರದ ಹಾಗೆ ಹೊಳೆಯುತ್ತಿತ್ತು. ಅಕ್ಷರಗಳು ಮಾತ್ರ ಇರಲಿಲ್ಲ! ಇಂಥ ಪ್ಲೇಟುಗಳ ಅಕ್ಷರ ತೆಳುವಾಗಿ ಕೊರೆದು ಕಪ್ಪು ಬಣ್ಣ ತುಂಬಿದ್ದು. ಹುಣಸೆಹಣ್ಣು, ಮರಳು ಕಾಗದ, ತಂತಿ ಬ್ರಷ್ಶು ಮೂರೂ ಅದಕ್ಕೆ ವೈರಿಗಳು.

ಸೀಮೆಎಣ್ಣೆಯಲ್ಲಿ ಅದ್ದಿದ ಮೆತ್ತನೆ ಬಟ್ಟೆಯಿಂದ ಮೇಲಿನ ಕೊಳೆ ಮಾತ್ರ ಒರೆಸಿ. ರಾತ್ರಿ ಹೊತ್ತು ಮೊಬೈಲಿನ ಟಾರ್ಚನ್ನು ಪ್ಲೇಟಿಗೆ ಮಟ್ಟಸವಾಗಿ, ಒಂದು ಪಕ್ಕದಿಂದ ಹಿಡಿಯಿರಿ. ಹಗಲಿಗೆ ಕಾಣದ ಗೆರೆಗಳು ನೆರಳಾಗಿ ಎದ್ದು ಬರುತ್ತವೆ. ಆಮೇಲೆ ತೆಳು ಹಾಳೆ ಇಟ್ಟು ಪೆನ್ಸಿಲನ್ನು ಅಡ್ಡ ಹಿಡಿದು ತಿಕ್ಕಿ. ಶಾಲೆಯಲ್ಲಿ ನಾಣ್ಯದ ಚಿತ್ರ ತೆಗೆಯುತ್ತಿದ್ದೆವಲ್ಲ, ಅದೇ. ಗುದ್ದಿ ಬರೆದ ನಂಬರ್ ಆಗಿದ್ದರೆ ಸುಣ್ಣದ ಪುಡಿ ತುಂಬಿ ಮೇಲೆ ಒರೆಸಿದರೆ ಸಾಕು.

ನಮಗೆ ಕೊನೆಗೆ ಓದಲು ಸಿಕ್ಕಿದ್ದು ಇಂಗ್ಲಿಷಿನ ಮೂರು ಅಕ್ಷರ, ಕೆ, ಇ, ಇ. ಅದರ ಮುಂದೆ 'ಪೂನಾ'. ಇನ್ನೊಂದು ಸಾಲಿನಲ್ಲಿ 1500 ಎಂಬ ಅಂಕಿ. ವಿಲಾಯತಿ ಕಥೆ ಅಲ್ಲಿಗೆ ಮುಗಿಯಿತು. ಆ ಅಕ್ಷರಗಳು 'ಕಿರ್ಕೀ' ಎಂಬುದರ ಬಾಲ. ಈಗ ಖಡಕಿ ಎನ್ನುವ ಊರು. 1946ರಲ್ಲಿ ಶುರುವಾದ ಕಿರ್ಲೋಸ್ಕರ್ ಆಯಿಲ್ ಇಂಜಿನ್ಸ್ ಕಂಪನಿಯ ಕಾರ್ಖಾನೆ ಇದ್ದ ಜಾಗ. ನಿಮಿಷಕ್ಕೆ 1500 ಸುತ್ತಿನ, ಒಂದೇ ಸಿಲಿಂಡರಿನ, 5 ಅಶ್ವಶಕ್ತಿಯ ಅವರ ಎವಿ1 ನಮ್ಮ ಸೀಮೆಯ ಹೊಲಗಳಿಗೆ ಜಾಸ್ತಿ ಬಂದ ಇಂಜಿನ್‌ಗಳಲ್ಲಿ ಒಂದು. ಸಿಲಿಂಡರಿನ ಒಳ ವ್ಯಾಸ 80 ಮಿಲಿಮೀಟರ್, ಪಿಸ್ಟನ್ ಓಡುವ ದೂರ 110. ಅಳೆದು ನೋಡಿದೆವು, ಸರಿ ಬಂತು.

ಪ್ಲೇಟು ಪೂರ್ತಿ ಹೋಗಿದ್ದರೂ ಸುತ್ತಿನ ಲೆಕ್ಕ ಮತ್ತು ಆಕಾರ ದಾರಿ ತೋರಿಸುತ್ತವೆ. ಗಾಡಿ ಗಾಲಿಯ ಹಾಗೆ ಅರಗಳಿರುವ ಎರಡು ದೊಡ್ಡ ಚಕ್ರ ಇದ್ದು ನಿಮಿಷಕ್ಕೆ 600 ಅಥವಾ 650 ಸುತ್ತು ನಿಧಾನಕ್ಕೆ ತಿರುಗುವಂಥದ್ದಾದರೆ ಅದು ಲಿಸ್ಟರ್ ಜಾತಿಯದ್ದು. ಇಂಗ್ಲೆಂಡಿನ ಡರ್ಸ್‌ಲಿ ಊರಿನ ಲಿಸ್ಟರ್ ಕಂಪನಿ 1867ರಷ್ಟು ಹಳೆಯದು. ಅವರ ಈ ಡೀಸೆಲ್ ಇಂಜಿನ್ ಬಂದದ್ದು 1930ರ ಸುಮಾರಿಗೆ. ಮೊದಲು 5/1, ಯುದ್ಧದ ನಂತರ 6/1. ಮೊದಲ ಅಂಕಿ ಅಶ್ವಶಕ್ತಿ, ಎರಡನೆಯದು ಸಿಲಿಂಡರ್. ಹಾಗಾಗಿ 10/2 ಅಂದರೆ 10 ಅಶ್ವಶಕ್ತಿ, ಎರಡು ಸಿಲಿಂಡರ್. ಆದರೆ ಆಕಾರ ನೋಡಿ ಕುಣಿಯಬೇಡಿ. ಅದೇ ಅಳತೆಯ, ಅಂದರೆ ನಾಲ್ಕೂವರೆ ಇಂಚು ವ್ಯಾಸ, ಐದೂವರೆ ಇಂಚು ಓಟದ ಇಂಜಿನ್ನನ್ನು ಗುಜರಾತಿನ ರಾಜಕೋಟದ ಕಾರ್ಖಾನೆಗಳು ದಶಕಗಳ ಕಾಲ ಎರಕ ಹೊಯ್ದಿವೆ. ಇವತ್ತು ನಮ್ಮ ಕಡೆ 'ಲಿಸ್ಟರ್' ಅಂತ ತೋರಿಸುವ ಎಷ್ಟೋ ಇಂಜಿನ್ ರಾಜಕೋಟದವು. ಅವು ಕೆಟ್ಟವು ಅಂತಲ್ಲ, ಗಿರಣಿ ಹೊಡೆದು ಮನೆ ಕಟ್ಟಿಸಿವೆ. ಮೂಲ ಬೇರೆ ಅಷ್ಟೇ.

ಒಂದು ಸಲ ಹುಬ್ಬಳ್ಳಿಯ ಮೋಡಕಾ (ಗುಜರಿ) ಅಂಗಡಿಯೊಂದರಲ್ಲಿ ನಾನೇ ಮೋಸ ಹೋದೆ. ಅಂಗಡಿ ಯಾವುದು ಅನ್ನುವುದು ಬೇಡ. ಇಂಗ್ಲೆಂಡಿನ ಪ್ಲೇಟು ಹೊಚ್ಚ ಹೊಸ ಸ್ಕ್ರೂ ಹಾಕಿಕೊಂಡು ಕೂತಿತ್ತು. ಮೂಲ ಪ್ಲೇಟನ್ನು ಸಾಮಾನ್ಯವಾಗಿ ರಿವೆಟ್ಟಿನಿಂದ ಬಡಿದಿರುತ್ತಾರೆ ಅನ್ನುವುದು ನನಗೆ ಆಗ ಹೊಳೆಯಲಿಲ್ಲ. ಪ್ಲೇಟಿನ ಅಂಚಿನಲ್ಲಿ ಬಣ್ಣದ ಪದರ ನೋಡಿ. ಕಾರ್ಖಾನೆಯಲ್ಲೇ ಕೂತ ಪ್ಲೇಟಿನ ಸುತ್ತ ಬಣ್ಣ ಒಂದೇ ಸಮನೆ ಇರುತ್ತದೆ.

ಎರಕದ ನಂಬರ್ ಇಂಜಿನ್ ನಂಬರ್ ಅಲ್ಲ

ಉಬ್ಬಿ ನಿಂತ ಅಕ್ಷರ, ಅಂಕಿ ಎಲ್ಲ ಎರಕದ ಅಚ್ಚಿನವು. ಅದೇ ಅಚ್ಚಿನಿಂದ ಸಾವಿರ ಇಂಜಿನ್ ಬಂದಿರುತ್ತವೆ. ಗುದ್ದಿ ಒಳಗೆ ಇಳಿಸಿದ ಅಂಕಿ ಮಾತ್ರ ನಿಮ್ಮ ಇಂಜಿನ್ನಿನದು. ಎರಕದ ಗುರುತು ಯಾವ ಫೌಂಡ್ರಿ ಎಂದು ಹೇಳಬಹುದು. ಬೆಳಗಾವಿ, ಕೊಲ್ಹಾಪುರದ ಫೌಂಡ್ರಿಗಳಲ್ಲಿ ಕೆಲಸ ಮಾಡಿದ ಹಿರಿಯ ಮಿಸ್ತ್ರಿಗಳು ಕೆಲವು ಗುರುತುಗಳನ್ನು ನೋಡಿದ ಕೂಡಲೇ ಹೇಳುತ್ತಾರೆ. ಫೋಟೋ ತೆಗೆದುಕೊಂಡು ಹೋಗಿ ಕೇಳಿ.

ಬಣ್ಣದ ವಿಷಯಕ್ಕೂ ಇದೇ ಮಾತು. ಹೊರಗಿನ ಬಣ್ಣ ನಂಬಬೇಡಿ. ಪ್ಲೇಟಿನ ಅಡಿ, ಟಾಕಿಯ ಪಟ್ಟಿಯ ಅಡಿ, ಕ್ರ್ಯಾಂಕ್ ಬಾಗಿಲಿನ ಒಳ ಅಂಚು, ಇಲ್ಲಿ ಮೊದಲ ಬಣ್ಣ ಇರುತ್ತದೆ.

ಹೆಸರು, ಹಣ, ತೆರಿಗೆ: ಇಸವಿ ಹೇಳುವ ಗುರುತುಗಳು

ಪ್ಲೇಟಿನಲ್ಲಿ ಇಸವಿ ಇರುವುದು ಅಪರೂಪ. ಆದರೆ ಊರಿನ ಹೆಸರು ಇರುತ್ತದೆ. ನಮ್ಮ ಸೀಮೆಯಷ್ಟು ಹೆಸರು ಬದಲಿಸಿಕೊಂಡ ಸೀಮೆ ಕಡಿಮೆ. ಇದೇ ನಮಗೆ ಲಾಭ.

ಧಾರವಾಡ ಜಿಲ್ಲೆ 1956ರ ನವೆಂಬರ್ 1ರವರೆಗೆ ಮುಂಬಯಿ ರಾಜ್ಯದಲ್ಲಿತ್ತು. ಆಮೇಲೆ ಮೈಸೂರು ರಾಜ್ಯ. 1973ರ ನವೆಂಬರ್ 1ರಿಂದ ಕರ್ನಾಟಕ. ಹಾಗಾಗಿ ಡೀಲರ್ ಪಟ್ಟಿಯಲ್ಲಿ 'ಹುಬ್ಬಳ್ಳಿ, ಮೈಸೂರು ರಾಜ್ಯ' ಅಂತಿದ್ದರೆ ಹದಿನೇಳು ವರ್ಷದ ಒಳಗೆ ಸಿಕ್ಕಿಬಿಟ್ಟಿತು. 'ಗದಗ ಜಿಲ್ಲೆ', 'ಹಾವೇರಿ ಜಿಲ್ಲೆ' ಅಂತ ಬರೆದ ಚೀಟಿ ಯಾವುದೇ ಇರಲಿ, 1997ಕ್ಕಿಂತ ಹಿಂದಿನದಲ್ಲ. ಹಳೆ ಬಿಲ್ ಅಂತ ಯಾರಾದರೂ ತೋರಿಸಿದರೆ ಮೊದಲು ಇದನ್ನೇ ನೋಡಿ.

ಇನ್ನೂ ಹಿಂದೆ ಹೋದರೆ ಸಂಸ್ಥಾನಗಳ ಗೋಜಲು. ಶಿರಹಟ್ಟಿ ಸಾಂಗ್ಲಿಗೆ, ಲಕ್ಷ್ಮೇಶ್ವರ ಮಿರಜಿಗೆ, ಕುಂದಗೋಳ ಜಮಖಂಡಿಗೆ ಸೇರಿದ್ದವು. ಸವಣೂರಿಗೆ ನವಾಬರೇ ಇದ್ದರು. ಇವೆಲ್ಲ 1948ರಲ್ಲಿ ಮುಂಬಯಿ ಪ್ರಾಂತ್ಯಕ್ಕೆ ಸೇರಿದವು. ಈ ಊರುಗಳ ಅದಕ್ಕೂ ಹಿಂದಿನ ಕಾಗದಗಳನ್ನು ಧಾರವಾಡದ ಕಡತಗಳಲ್ಲಿ ಹುಡುಕಿ ಸಿಗದಿದ್ದರೆ ಬೇಸರ ಬೇಡ. ಅವು ಬೇರೆ ದರ್ಬಾರಿನ ಕಾಗದ, ಹೆಚ್ಚಾಗಿ ಮರಾಠಿಯಲ್ಲಿ, ಎಷ್ಟೋ ಸಲ ಮೋಡಿ ಎಂಬ ಹಳೆ ಲಿಪಿಯಲ್ಲಿ ಇರುತ್ತವೆ.

ವಿಳಾಸದಲ್ಲಿ ಆರು ಅಂಕಿಯ ಪಿನ್ ಕೋಡ್ ಇದ್ದರೆ 1972ರ ಆಗಸ್ಟ್ 15ರ ನಂತರದ್ದು. ಬರೀ 'ಬಾಂಬೆ 1' ಅಂತಿದ್ದರೆ ಬಹುತೇಕ ಅದಕ್ಕೂ ಮೊದಲು. ಪೂನಾ 1970ರ ದಶಕದ ಕೊನೆಗೆ ಪುಣೆ ಆಯಿತು, ಬಾಂಬೆ 1995ರಲ್ಲಿ ಮುಂಬಯಿ. ಇಂಗ್ಲೆಂಡಿನ ಕಂಪನಿಗಳಿಗೂ ಇದೇ ಲೆಕ್ಕ ನಡೆಯುತ್ತದೆ. ಪೆಟರ್ ಇಂಜಿನ್ನಿನ ಮೇಲೆ ಯೋವಿಲ್ ಊರು ಇದ್ದರೆ ಹಳೆಯದು, ಸ್ಟೇನ್ಸ್ ಇದ್ದರೆ ಎರಡನೇ ಮಹಾಯುದ್ಧದ ನಂತರದ್ದು. ರಸ್ಟನ್ ಮತ್ತು ಹಾರ್ನ್ಸ್‌ಬಿ ಒಂದಾದದ್ದು 1918ರಲ್ಲಿ. ಎರಡೂ ಹೆಸರು ಒಟ್ಟಿಗೆ ಇದ್ದರೆ ಅದರ ನಂತರ.

ಬಿಲ್ ಸಿಕ್ಕರೆ ಹಬ್ಬ. ರೂಪಾಯಿ, ಆಣೆ, ಪೈ ಅಂತ ಮೂರು ಕಾಲಂ ಇದ್ದರೆ 1957ರ ಏಪ್ರಿಲ್‌ಗಿಂತ ಹಿಂದೆ. 'ನಯೇ ಪೈಸೆ' ಅಂತಿದ್ದರೆ 1957ರಿಂದ 1964ರ ನಡುವೆ. ಬರೀ ಪೈಸೆ ಇದ್ದರೆ ಆಮೇಲಿನದು. ತೆರಿಗೆ ನಂಬರ್ ನೋಡಿ: ಬಾಂಬೆ ಸೇಲ್ಸ್ ಟ್ಯಾಕ್ಸೋ, ಮೈಸೂರು ಸೇಲ್ಸ್ ಟ್ಯಾಕ್ಸೋ, ಕರ್ನಾಟಕದ್ದೋ? ಮೈಸೂರಿನ ಮಾರಾಟ ತೆರಿಗೆ ಕಾಯ್ದೆ 1957ರದ್ದು. ಮುದ್ರಿತ ಬಿಲ್ ಪುಸ್ತಕವನ್ನು ವ್ಯಾಪಾರಿಗಳು ಮುಗಿಯುವವರೆಗೂ ಬಳಸುತ್ತಿದ್ದರು. ಅಚ್ಚಾದ 'ಬಾಂಬೆ'ಯನ್ನು ಪೆನ್ನಿನಿಂದ ಹೊಡೆದು 'ಮೈಸೂರು' ಅಂತ ಬರೆದ ಬಿಲ್ ಕಂಡರೆ ಅದು 1956ರ ಆಸುಪಾಸಿನದು. ನನಗೆ ಅಂಥ ಬಿಲ್ ತುಂಬಾ ಇಷ್ಟ.

ಸಣ್ಣ ಭಾಗಗಳ ಸಾಕ್ಷಿ

ಇಂಜಿನ್ನು ತನ್ನ ಅತಿ ಹೊಸ ಭಾಗಕ್ಕಿಂತ ಹಳೆಯದಿರಲು ಸಾಧ್ಯವಿಲ್ಲ. ಒಮ್ಮೆಯೂ ಬಿಚ್ಚದ ಇಂಜಿನ್ನಿಗೆ ಈ ಮಾತು ಕಣ್ಣು ಮುಚ್ಚಿ ನಡೆಯುತ್ತದೆ. ಡೀಸೆಲ್ ಪಂಪು ಮತ್ತು ನೋಝಲ್ ಮೇಲೆ 'ಮೈಕೋ' ಅಂತ ಇದ್ದರೆ ಅದು ಬೆಂಗಳೂರಿನಲ್ಲಿ 1951ರಲ್ಲಿ ಹುಟ್ಟಿದ ಕಂಪನಿ. 2008ರಲ್ಲಿ ಅದು ಬಾಷ್ ಲಿಮಿಟೆಡ್ ಆಯಿತು. ನಮ್ಮ ಇಂಜಿನ್ನಿನ ಪಂಪು ಮೈಕೋದ್ದು. 'ಬ್ರಿಟಿಷರ ಕಾಲದ್ದು' ಎನ್ನುವ ಎರಡನೇ ಕಥೆಯೂ ಹೋಯಿತು. ಸಿಎವಿ ಅಥವಾ ಬ್ರೈಸ್ ಅಂತಿದ್ದರೆ ಇಂಗ್ಲೆಂಡಿನ ಕಡೆ ಕೈ ತೋರಿಸುತ್ತದೆ.

ಐಎಸ್‌ಐ, ಅಂದರೆ ಭಾರತೀಯ ಮಾನಕ ಸಂಸ್ಥೆಯ ಗುರುತಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಆ ಸಂಸ್ಥೆ 1947ರದ್ದು, ಹೆಸರು 1987ರಲ್ಲಿ ಬಿಐಎಸ್ ಆಯಿತು, ಗುರುತು ಮಾತ್ರ ಅದೇ ಉಳಿಯಿತು. ಗುರುತಿನ ಮೇಲಿನ ಐಎಸ್ ನಂಬರ್ ಬರೆದಿಟ್ಟುಕೊಳ್ಳಿ. ಆ ನಂಬರಿನ ಮಾನದಂಡ ಯಾವ ವರ್ಷ ಬಂತೋ ಇಂಜಿನ್ ಅದರ ನಂತರದ್ದು.

ನಟ್ಟಿಗೆ ಎಂಎಂ ಪಾನಾ ಸರಿಯಾಗಿ ಕೂರದೆ ಇಂಚಿನ ಪಾನಾ ಕೂತರೆ 'ಇಂಗ್ಲೆಂಡಿನದು' ಅಂತ ತೀರ್ಮಾನ ಮಾಡುವ ಮಿಸ್ತ್ರಿಗಳಿದ್ದಾರೆ. ಒಪ್ಪಬೇಡಿ. ನಮ್ಮ ದೇಶದ ಕಾರ್ಖಾನೆಗಳೂ ಬಹಳ ಕಾಲ ಇಂಚಿನ ಮರೆಯನ್ನೇ (ನಟ್ಟು ಬೋಲ್ಟಿನ ಥ್ರೆಡ್ಡನ್ನೇ) ಕೊರೆದಿವೆ.

ಪೆಟ್ಟಿಗೆ

ನಾನು ಆಗಲೇ ಹೇಳಿದ ದೊಡ್ಡ ಸುಳಿವು ಇದು. ಇಂಜಿನ್ ಬಂದ ಮರದ ಪೆಟ್ಟಿಗೆಯನ್ನು ನಮ್ಮ ಜನ ಎಂದೂ ಒಲೆಗೆ ಹಾಕುವುದಿಲ್ಲ. ಒಳ್ಳೆ ಹಲಗೆ, ಯಾರು ಬಿಡುತ್ತಾರೆ! ಅದು ಕೋಳಿಗೂಡಿನ ಬಾಗಿಲಾಗುತ್ತದೆ, ಅಟ್ಟದ ಹಲಗೆ ಆಗುತ್ತದೆ, ಜೋಳದ ಚೀಲದ ಅಡಿಗೆ ಹೋಗುತ್ತದೆ. ಹುಡುಕಿ. ಪೆಟ್ಟಿಗೆಯ ಮೇಲೆ ಕರಿ ಬಣ್ಣದಲ್ಲಿ ಹೊಡೆದ ಬರಹ ಇರುತ್ತದೆ. ಯಾರಿಗೆ ಕಳಿಸಿದ್ದು, ಯಾವ ಬಂದರು ಅಥವಾ ಸ್ಟೇಶನ್ನು, ಎಷ್ಟನೇ ಪೆಟ್ಟಿಗೆ, ತೂಕ ಎಷ್ಟು. ತೂಕ ಹಂಡ್ರೆಡ್‌ವೇಟ್, ಪೌಂಡಿನಲ್ಲಿ ಇದ್ದರೆ ಒಂದು ಕಾಲ, ಕಿಲೋದಲ್ಲಿ ಇದ್ದರೆ ಇನ್ನೊಂದು.

ರೈಲಿನ ಹೆಸರು ಇದ್ದರೆ ಇನ್ನೂ ಒಳ್ಳೆಯದು. ಹುಬ್ಬಳ್ಳಿ 1951ರವರೆಗೆ ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆಯಲ್ಲಿತ್ತು. ಆಮೇಲೆ ಸದರ್ನ್ ರೈಲ್ವೆ. 1966ರಲ್ಲಿ ಸೌತ್ ಸೆಂಟ್ರಲ್. ನಮ್ಮ ಕಾಕಾನ ಅಟ್ಟದ ಹಲಗೆ ತಿರುಗಿಸಿ ನೋಡಿದರೆ 'ಗದಗ, ಎಸ್. ರೈಲ್ವೆ' ಅಂತ ಇತ್ತು. 1951ರಿಂದ 1966. ಮೈಕೋ ಪಂಪಿನ ಸಾಕ್ಷಿಗೂ ಹೊಂದಿತು. 1948ರಲ್ಲೇ ಮುಗಿದ ಸಾಂಗ್ಲಿ ಸಂಸ್ಥಾನದ ಕಥೆಯೂ, ಅಂದರೆ ಮೂರನೆಯದೂ, ಅಲ್ಲಿಗೆ ಹೋಯಿತು.

ಹಿರಿಯರನ್ನು ಕೇಳುವ ರೀತಿ

'ಯಾವ ಇಸವಿ?' ಅಂತ ಕೇಳಬೇಡಿ. ಕೇಳಿದರೆ ಮರ್ಯಾದೆಗೆ ಒಂದು ಇಸವಿ ಹೇಳಿಬಿಡುತ್ತಾರೆ. ನಾನು ಕಾಕಾನ ಹಿರಿಯ ಸಂಬಂಧಿ ಅಜ್ಜನ ಹತ್ತಿರ ಹೀಗೆ ಕೇಳಿದೆ:

"ಅಜ್ಜಾ, ಇಂಜಿನ್ನ ಬಂದಾಗ ನಿಮ್ಮೂರಾಗ ಕರೆಂಟ್ ಇತ್ತೇನ್ರಿ?"

"ಎಲ್ಲೀ ಕರೆಂಟ್ ತಮ್ಮಾ. ಕಂದೀಲ ಇತ್ತು."

"ಆಣೆ ಲೆಕ್ಕ ನಡೀತಿತ್ತೋ, ಪೈಸಾನೋ?"

"ಪೈಸಾ ಆಗಿತ್ತಪಾ. ಆದ್ರ ನಮ್ಮವ್ವ ಸಾಯೂ ತನಕ ಆಣೇನ ಅಂತಿದ್ಲು."

"ಸ್ಟೇಶನ್ನಿಂದ ಹೆಂಗ ತಂದ್ರಿ?"

"ಎರಡು ಚಕ್ಕಡಿ. ನಾನೂ ಹೋಗಿದ್ದೆ. ಇನ್ನೂ ಮೀಸಿ ಬಂದಿದ್ದಿಲ್ಲ ನನಗ."

ಮೀಸೆಯ ಲೆಕ್ಕ ಆಧಾರ್ ಕಾರ್ಡಿಗಿಂತ ಗಟ್ಟಿ. ಅಜ್ಜನ ವಯಸ್ಸಿನಿಂದ ಕಳೆದರೆ 1958ರಿಂದ 1961ರ ನಡುವೆ ಬಂತು. ಮದುವೆ, ಬಾಣಂತನ, ಊರಿಗೆ ಕರೆಂಟು ಬಂದದ್ದು, 1972ರ ಬರ, ಇಂಥ ಗುರುತುಗಳನ್ನು ಇಟ್ಟುಕೊಂಡು ಕೇಳಿ. ಹೆಣ್ಣುಮಕ್ಕಳನ್ನು ಕೇಳುವುದು ಮರೆಯಬೇಡಿ. ಗಂಡಸರು ಬೆಲೆ ಹೇಳುತ್ತಾರೆ, ಅವರು ಯಾವ ಬಂಗಾರ ಅಡವಿಟ್ಟು ತಂದದ್ದು ಅಂತ ಹೇಳುತ್ತಾರೆ.

ಕಾಗದಕ್ಕೆ ಎಲ್ಲಿ ಹೋಗಬೇಕು

ಇಂಜಿನ್ ಅಂದರೆ ಸಾಲ. ಸರಕಾರದ ತಗಾವಿ ಸಾಲ ಆಗಿದ್ದರೆ ಹಳೆ ಉತಾರದಲ್ಲಿ (ಹೊಲದ ಪಹಣಿಯಲ್ಲಿ) ಆ ಸಾಲದ ಬೋಜಾ ಏರಿರುತ್ತದೆ. ಈಗಿನ ಕಂಪ್ಯೂಟರ್ ಉತಾರದಲ್ಲಿ ಸಿಗುವುದಿಲ್ಲ. ತಹಶೀಲ್ದಾರ್ ಕಚೇರಿಯ ರೆಕಾರ್ಡ್ ರೂಮಿನಲ್ಲಿ ಕೈಬರಹದ ಉತಾರ ಮತ್ತು ಅದರಲ್ಲಿ ತೋರಿಸಿದ ಡೈರಿಯ (ಹಕ್ಕು ಬದಲಾವಣೆಯ ದಾಖಲೆಯ) ನಕಲಿಗೆ ಅರ್ಜಿ ಕೊಡಿ. ಸರ್ವೆ ನಂಬರ್ ಗೊತ್ತಿರಲೇಬೇಕು.

ಊರಿನ ಸೊಸೈಟಿಯನ್ನೂ ಬಿಡಬೇಡಿ. ಗದಗದ ಪಕ್ಕದ ಕಣಗಿನಹಾಳದಲ್ಲಿ 1905ರಲ್ಲೇ ಸಹಕಾರಿ ಸಂಘ ಹುಟ್ಟಿದ ಜಿಲ್ಲೆ ನಮ್ಮದು. ಹಳೆ ಸೊಸೈಟಿಗಳ ಠರಾವು (ನಿರ್ಣಯ) ಪುಸ್ತಕದಲ್ಲಿ ಯಾರಿಗೆ ಎಷ್ಟು ಸಾಲ, ಯಾತಕ್ಕೆ ಅಂತ ಸಾಲು ಸಾಲಾಗಿ ಇರುತ್ತದೆ. ಕಾರ್ಯದರ್ಶಿಗಳ ಜೊತೆ ಚಹಾ ಕುಡಿದು ಮಾತಾಡಿ, ಮಾರ್ಚ್ ತಿಂಗಳಲ್ಲಿ ಮಾತ್ರ ಹೋಗಬೇಡಿ.

ಇಂಗ್ಲೆಂಡಿನ ಇಂಜಿನ್ ಆಗಿದ್ದರೆ ಅಲ್ಲಿಗೂ ಪತ್ರ ಬರೆಯಬಹುದು. ಲಿಸ್ಟರ್ ಕಂಪನಿಯ ಹಳೆ ದಾಖಲೆಗಳು ಗ್ಲೌಸ್ಟರ್‌ಶೈರ್ ಆರ್ಕೈವ್ಸ್‌ನಲ್ಲಿವೆ. ಇಂಜಿನ್ ನಂಬರ್, ಮಾದರಿ, ಸುತ್ತು, ಪ್ಲೇಟಿನ ಫೋಟೋ ಕಳಿಸಿ. ಅಂಥ ದಾಖಲೆಯಿಂದ ಸಿಗುವುದು ಕಾರ್ಖಾನೆ ಬಿಟ್ಟ ಹೊತ್ತು, ಹೆಚ್ಚೆಂದರೆ ಏಜೆಂಟ್. ಅಲ್ಲಿಂದ ಮುಂದೆ ಹಳ್ಳಿಯವರೆಗಿನ ದಾರಿ ನಾವೇ ಹುಡುಕಬೇಕು.

ಯಾಕೆ ಹಚ್ಚಲಿಲ್ಲ?

ಈ ಪ್ರಶ್ನೆಯನ್ನು ನಾನು ಕೊನೆಗೆ ಕೇಳಿದೆ. ಮೊದಲೇ ಕೇಳಬೇಕಿತ್ತು. ಸಾಲ ಮಾಡಿ ತಂದ ಇಂಜಿನ್ನನ್ನು ಯಾರೂ ಸುಮ್ನೆ ಇಡುವುದಿಲ್ಲ. ಕಾರಣ ಇರುತ್ತದೆ, ಕಾರಣಕ್ಕೆ ಕಾಗದ ಇರುತ್ತದೆ.

ಕೆಲವು ಕಡೆ ಬಾವಿ ಕೈಕೊಟ್ಟಿರುತ್ತದೆ. ಈ ಇಂಜಿನ್ನುಗಳ ಪಂಪು ನೀರನ್ನು ಕೆಳಗಿನಿಂದ ಎಳೆಯುವುದು ಆರೇಳು ಮೀಟರ್ ಮಾತ್ರ. ಅದಕ್ಕೇ ಬಾವಿಯೊಳಗೆ ಕಟ್ಟೆ ಕಟ್ಟಿ ಇಂಜಿನ್ ಇಳಿಸುತ್ತಿದ್ದರು. ನೀರು ಇನ್ನೂ ಕೆಳಗೆ ಹೋದರೆ ಅದು ನಿರುಪಯೋಗಿ. ಅಂಥ ಕಡೆ ಬಾವಿ ತೋಡಿದ ಸಾಲದ ಕಾಗದ ಹುಡುಕಿ, ಇಂಜಿನ್ನಿನದು ಅದರ ಬೆನ್ನಿಗೇ ಇರುತ್ತದೆ. ಕೆಲವು ಕಡೆ ಇಂಜಿನ್ ಬಂದ ವರ್ಷವೇ ಕರೆಂಟಿನ ಕಂಬ ಬಂದಿರುತ್ತದೆ. ಆಗ ಮೋಟರಿನ ಮೀಟರ್ ಅರ್ಜಿ ನೋಡಿ.

ನಮ್ಮ ಮನೆಯಲ್ಲಿ ಇದ್ಯಾವುದೂ ಆಗಿರಲಿಲ್ಲ. ಅಜ್ಜನನ್ನು ಎರಡನೇ ಸಲ ಕೇಳಿದಾಗ, "ಅದs ವರ್ಷ ವಾಟ್ನಿ ಆತು" ಅಂದರು. ವಾಟ್ನಿ ಅಂದರೆ ಅಣ್ಣತಮ್ಮಂದಿರ ಆಸ್ತಿ ಪಾಲು. ವಾಟ್ನಿಯ ಕಾಗದ ಕಾಕಾನ ಟ್ರಂಕಿನಲ್ಲೇ ಇತ್ತು, ನೀಲಿ ಶಾಯಿಯ ಕೈಬರಹ, 1960. ಬಾವಿ ಇದ್ದ ಹೊಲ ಹಿರಿಯಣ್ಣನ ಪಾಲಿಗೆ. ಅದರ ಬದಲಿಗೆ ತಮ್ಮನ ಪಾಲಿಗೆ ಎರಡು ಎತ್ತು, ಒಂದು ಚಕ್ಕಡಿ, 'ಪೂನಾದಿಂದ ತರಿಸಿದ ಆಯಿಲ್ ಇಂಜಿನ್ನು ನಗ ಒಂದು, ಪೆಟ್ಟಿಗಿ ಒಡೆಯದ್ದು, ನಂಬರ ಸಹಿತ'. ಕಾಕಿ ಹುಣಸೆಹಣ್ಣು ಹಚ್ಚಿ ಅಳಿಸಿದ್ದ ನಂಬರು ಮುಂದಿನ ಸಾಲಿನಲ್ಲಿ ಪೂರ್ತಿ ಇತ್ತು.